ನೌಕೆಯೊಳಗೆ ‘ಕೆಳಗೆ’ ಅಂದರೆ ಯಾವ ಕಡೆ? ಕಥೆಯ ಅಂತರಿಕ್ಷ ನೌಕೆಗೆ ಪ್ಲಾನ್ ಹಾಕುವುದು ಹೇಗೆ?

ಕಥೆಗಾರ_ಕಡೂರು:
ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಶನಿಗ್ರಹಕ್ಕೆ ಹೊರಟ ನೌಕೆ, ಒಳಗೆ 40 ಜನ, ವರ್ಷಗಟ್ಟಲೆ ಪ್ರಯಾಣ. ಕಥೆ ಪೂರ್ತಿ ನೌಕೆಯೊಳಗೇ ನಡೆಯುತ್ತದೆ. ಯಾರು ಎಲ್ಲಿ ಮಲಗುತ್ತಾರೆ, ಎಲ್ಲಿ ಊಟ ಮಾಡುತ್ತಾರೆ, ಜಗಳ ಆದಾಗ ಎಲ್ಲಿ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಅನ್ನೋದೆಲ್ಲ ಗೊತ್ತಿರಬೇಕಲ್ವಾ? ಅದಕ್ಕೆ ಒಂದು ಪ್ಲಾನ್ ಹಾಕೋಣ ಅಂತ ಕೂತೆ. ಒಂದು ಗೋಡೆ ಎಳೆಯುವ ಮೊದಲೇ ಪೆನ್ಸಿಲ್ ನಿಂತಿತು.

ಸಿನಿಮಾದ ನೌಕೆಗಳು ಸಾಮಾನ್ಯವಾಗಿ ವಿಮಾನದಂತೆ ಮಲಗಿರುತ್ತವೆ. ಮುಂದೆ ಕಾಕ್‌ಪಿಟ್, ಹಿಂದೆ ಎಂಜಿನ್, ನಡುವೆ ಉದ್ದ ಕಾರಿಡಾರ್. ಎಲ್ಲರೂ ಆರಾಮಾಗಿ ಓಡಾಡುತ್ತಾರೆ. ಗುರುತ್ವ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನನ್ನ ಕಥೆಯಲ್ಲಿ ಅದು ಬೇಡ. ಗುರುತ್ವದ ಮೂಲ ಬದಲಾದರೆ ಅಡುಗೆಮನೆ, ಹಾಸಿಗೆ, ಏಣಿ, ಟಾಯ್ಲೆಟ್ ಎಲ್ಲ ಜಾಗ ಬದಲಿಸುತ್ತವಾ? ತಿರುಗುವ ಚಕ್ರವೋ, ಸದಾ ಉರಿಯುವ ಎಂಜಿನ್ನೋ, ಅಥವಾ ನೆಲದಡಿ ಮಾಯದ ಯಂತ್ರ ಇದೆ ಅಂದುಬಿಡೋದೋ?

ಬೈಗು_ಬೆಳಗು:
ಮಾಯದ ಯಂತ್ರ. ಕಥೆ ಬರೀರಿ ಸಾರ್, ಲೆಕ್ಕ ಯಾರು ನೋಡ್ತಾರೆ.

ರಾಕೆಟ್_ರಾಯ:
ನಾನು ನೋಡುತ್ತೇನೆ.

ಎಂಜಿನ್ ಸದಾ ಉರಿಯುತ್ತಿದ್ದರೆ ನೌಕೆಯ ವೇಗ ಏರುತ್ತಲೇ ಇರುತ್ತದೆ, ನೆಲ ನಿಮ್ಮ ಕಾಲನ್ನು ತಳ್ಳುತ್ತಲೇ ಇರುತ್ತದೆ. ಆಗ ‘ಕೆಳಗೆ’ ಅಂದರೆ ಎಂಜಿನ್ ಇರುವ ಕಡೆ. ಅಂದರೆ ನಿಮ್ಮ ವಿಮಾನ ಎದ್ದು ನಿಂತು ಅಪಾರ್ಟ್‌ಮೆಂಟ್ ಆಯಿತು. ಕಾಕ್‌ಪಿಟ್ ಟೆರೇಸ್‌ನಲ್ಲಿ, ಎಂಜಿನ್ ನೆಲಮಾಳಿಗೆಯಲ್ಲಿ. ಉದ್ದ ಕಾರಿಡಾರ್ ಇಲ್ಲ, ಅದರ ಜಾಗದಲ್ಲಿ ಮೆಟ್ಟಿಲು.

ಆದರೆ ಇದರಲ್ಲಿ ನಿಮ್ಮ ಕಥೆಗೇ ಏಟು ಬೀಳುತ್ತದೆ. ಭೂಮಿಯಷ್ಟೇ ಗುರುತ್ವ ಸಿಗುವ ಹಾಗೆ ಅರ್ಧ ದಾರಿ ವೇಗ ಏರಿಸಿ, ನೌಕೆ ತಿರುಗಿಸಿ, ಉಳಿದರ್ಧ ವೇಗ ಇಳಿಸುತ್ತಾ ಹೋದರೆ, ಮಂಗಳ ಹತ್ತಿರ ಬಂದಾಗ ಸುಮಾರು 42 ಗಂಟೆಯಲ್ಲಿ ತಲುಪಬಹುದು. ಶನಿಗೂ ಎಂಟೊಂಬತ್ತು ದಿನ ಸಾಕು. ವರ್ಷಗಟ್ಟಲೆ ಪ್ರಯಾಣ ಎಲ್ಲಿ ಉಳಿಯಿತು? ಇನ್ನು ಇಂದಿನ ರಾಸಾಯನಿಕ ರಾಕೆಟ್‌ಗಳು ಉರಿಯೋದೇ ಕೆಲವು ನಿಮಿಷ. ಆಮೇಲೆ ಎಲ್ಲ ತೇಲಾಟ.

ಗೆರೆ_ಗೋಡೆ:
ನಾನು ಆರ್ಕಿಟೆಕ್ಟ್. ಈ ಅಪಾರ್ಟ್‌ಮೆಂಟ್ ಐಡಿಯಾ ನನಗೆ ಬಹಳ ಹಿಡಿಸಿತು. ಟಾಯ್ಲೆಟ್‌ಗಳೆಲ್ಲ ಒಂದರ ಕೆಳಗೊಂದು, ಒಂದೇ ಡಕ್ಟ್‌ನಲ್ಲಿ ಪೈಪ್. ಆದರೆ ರಾಯರೇ, ಅರ್ಧ ದಾರಿಯಲ್ಲಿ ನೌಕೆ ತಿರುಗಿಸುವಾಗ ಎಂಜಿನ್ ಆರಿಸುತ್ತಾರಲ್ಲ, ಆಗ ಕಮೋಡ್‌ನಲ್ಲಿರುವ ನೀರು ಏನು ಮಾಡುತ್ತದೆ?

ರಾಕೆಟ್_ರಾಯ:
ಮೇಡಂ, ಅದಕ್ಕೇ ತಿರುಗಿಸುವ ಮೊದಲು ಸೈರನ್ ಹೊಡೆಯಬೇಕು. 😀 ನಿಜ ಹೇಳಬೇಕಂದ್ರೆ, ಗುರುತ್ವ ಬಂದು ಹೋಗುವ ನೌಕೆಯಲ್ಲಿ ಪ್ರತಿ ವಸ್ತುವೂ ಎರಡೂ ಸ್ಥಿತಿಯಲ್ಲಿ ಕೆಲಸ ಮಾಡಬೇಕು. ನೀರು ಎಳೆದುಕೊಳ್ಳಲು ಫ್ಯಾನ್, ಬೀರುವಿಗೆ ಚಿಲಕ, ಗೋಡೆಗೆ ಹಿಡಿಗಳು.

ತಿರುಗಣಿ:
ವರ್ಷಗಟ್ಟಲೆ ಪ್ರಯಾಣ ಅಂದರೆ ತಿರುಗುವ ಚಕ್ರವೇ ಸರಿ. ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಚಕ್ರ ತಿರುಗಿದರೆ ಅಂಚಿನಲ್ಲಿ ನಿಂತವರಿಗೆ ಹೊರಕ್ಕೆ ಒತ್ತಿದಂತೆ ಆಗುತ್ತದೆ. ಹೊರಗಿನ ಗೋಡೆಯೇ ನೆಲ, ನಡುವಿನ ಅಚ್ಚೇ ಆಕಾಶ. ಎಷ್ಟು ದೊಡ್ಡ ಚಕ್ರ ಬೇಕು ಅನ್ನೋದು ಎಷ್ಟು ಜೋರಾಗಿ ತಿರುಗಿಸುತ್ತೀರಿ ಅನ್ನೋದರ ಮೇಲೆ. ಭೂಮಿಯಷ್ಟೇ ಗುರುತ್ವಕ್ಕೆ ನಿಮಿಷಕ್ಕೆ 1 ಸುತ್ತು ಅಂದರೆ ತ್ರಿಜ್ಯ ಸುಮಾರು 894 ಮೀಟರ್. 2 ಸುತ್ತು ಅಂದರೆ 224 ಮೀಟರ್. 3 ಸುತ್ತಿಗೆ 99, 6 ಸುತ್ತಿಗೆ ಬರೀ 25. ಹಾಗಾದರೆ ಜೋರಾಗಿ ತಿರುಗಿಸಿ ಚಿಕ್ಕ ಚಕ್ರ ಕಟ್ಟಿದರಾಯಿತಲ್ಲ ಅಂತ ಅನಿಸುತ್ತದೆ. ಆದರೆ ಸಮತೋಲ ತಿಳಿಸುವ ಒಳಕಿವಿ ಒಪ್ಪುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಪೆನ್ಸಕೋಲಾ ನೌಕಾಪಡೆ ಕೇಂದ್ರದಲ್ಲಿ ತಿರುಗುವ ಕೋಣೆಯೊಳಗೆ ಜನರನ್ನು ದಿನಗಟ್ಟಲೆ ಇರಿಸಿ ನೋಡಿದ್ದರು. ನಿಮಿಷಕ್ಕೆ 1 ಸುತ್ತಿನಲ್ಲಿ ಹೆಚ್ಚು ತೊಂದರೆ ಇಲ್ಲ. 10 ಸುತ್ತಿಗೆ ಬಂದರೆ ಸುಮ್ನೆ ತಲೆ ತಿರುಗಿಸಿದರೂ ಹೊಟ್ಟೆ ತೊಳೆಸಿ ಬರುತ್ತಿತ್ತು.

ಈಗ 10 ಮೀಟರ್ ತ್ರಿಜ್ಯದ ಚಿಕ್ಕ ಚಕ್ರ ಊಹಿಸಿಕೊಳ್ಳಿ. ಭೂಮಿಯ ಗುರುತ್ವಕ್ಕೆ ಅದು ನಿಮಿಷಕ್ಕೆ ಒಂಬತ್ತೂವರೆ ಸುತ್ತು ತಿರುಗಬೇಕು. ಆರಡಿ ಎತ್ತರದವನು ನಿಂತರೆ ಅವನ ತಲೆಯ ಹತ್ತಿರ ಗುರುತ್ವ ಪಾದದ ಹತ್ತಿರಕ್ಕಿಂತ 18% ಕಡಿಮೆ. ನಾಲ್ಕು ಮೀಟರ್ ಅಂತರದಲ್ಲಿ ಇಟ್ಟ ಎರಡು ಬೀರುಗಳು ಒಂದಕ್ಕೊಂದು 23 ಡಿಗ್ರಿ ವಾಲಿರುತ್ತವೆ, ಎರಡೂ ನೇರವಾಗಿಯೇ ನಿಂತಿದ್ದರೂ! ನೆಲವನ್ನು ಸಪಾಟಾಗಿ ಹಾಕಿದರೆ ಕೋಣೆಯ ನಡುಭಾಗ ಉಬ್ಬು, ಎರಡೂ ಅಂಚು ಇಳಿಜಾರು ಅನಿಸುತ್ತದೆ. ಗೋಲಿ ಬಿಟ್ಟರೆ ನಡುವಿನಿಂದ ಗೋಡೆ ಕಡೆಗೆ ಉರುಳುತ್ತದೆ.

ಕಾಫಿ_ಪುಡಿ:
ಇದೆಲ್ಲ ಬಿಡಿ. ಫಿಲ್ಟರ್ ಕಾಫಿ ಆರಿಸೋಕೆ ಆಗುತ್ತಾ?

ತಿರುಗಣಿ:
ಒಳ್ಳೆ ಪ್ರಶ್ನೆ, ಲೆಕ್ಕ ಹಾಕಿದೆ. ಲೋಟವನ್ನು ಅರ್ಧ ಮೀಟರ್ ಮೇಲೆತ್ತಿ ದಬರಕ್ಕೆ ಹೊಯ್ದರೆ ಕಾಫಿ ನೇರ ಬೀಳುವುದಿಲ್ಲ. ಚಕ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸರಿದು ಬೀಳುತ್ತದೆ. 10 ಮೀಟರ್ ತ್ರಿಜ್ಯದ ಚಕ್ರದಲ್ಲಿ 11 ಸೆಂಟಿಮೀಟರ್ ತಪ್ಪುತ್ತದೆ, ಅಂದರೆ ದಬರದ ಹೊರಗೆ, ನಿಮ್ಮ ಕೈ ಮೇಲೆ. 50 ಮೀಟರ್‌ನಲ್ಲಿ ಸುಮಾರು 5 ಸೆಂಟಿಮೀಟರ್. 224 ಮೀಟರ್‌ನಲ್ಲಿ 2 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ತಮಾಷೆ ಏನಂದರೆ ಎಷ್ಟು ಜೋರಾಗಿ ತಿರುಗುತ್ತದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಜೋರಾಗಿ ತಿರುಗಿದರೆ ಕಾಫಿಯೂ ಬೇಗ ಬೀಳುತ್ತದೆ. ತ್ರಿಜ್ಯ ಮತ್ತು ಎತ್ತರ, ಇವೆರಡೇ.

ಕಾಫಿ_ಪುಡಿ:
ಹಾಗಾದ್ರೆ ನೌಕೆಯಲ್ಲಿ ಹುಟ್ಟಿದ ಮಗು ಭೂಮಿಗೆ ಬಂದರೆ ಕಾಫಿ ಚೆಲ್ಲುತ್ತೆ. ಕಥೆಗೆ ಇಟ್ಕೊಳ್ಳಿ ಕಡೂರರೇ.

ದಾವಣಗೆರೆ_ಡಿಂಗ್ರಿ:
ಒಂದು ನಿಮಿಷ. ಹೊರಕ್ಕೆ ತಳ್ಳುವ ಬಲ ಅನ್ನೋದು ನಿಜವಾಗಿ ಇಲ್ಲವೇ ಇಲ್ಲ ಅಂತ ನಮ್ಮ ಫಿಸಿಕ್ಸ್ ಮೇಷ್ಟ್ರು ಹೇಳಿದ್ದರು. ಇಲ್ಲದ ಬಲದ ಮೇಲೆ ಮನೆ ಕಟ್ಟೋದು ಹೇಗೆ?

ತಿರುಗಣಿ:
ಜಾತ್ರೆಯಲ್ಲಿ ಮರಣ ಬಾವಿ ನೋಡಿದ್ದೀರಲ್ಲ? ಗೋಡೆ ಮೇಲೆ ಬೈಕ್ ಓಡಿಸುವವನು ಬೀಳುವುದಿಲ್ಲ. ಹೊರಗಿಂದ ನೋಡುವ ನಿಮಗೆ ಗೋಡೆ ಅವನನ್ನು ಒಳಕ್ಕೆ ತಳ್ಳುತ್ತಿದೆ. ಅವನಿಗೆ ತಾನೇ ಗೋಡೆಗೆ ಒತ್ತಿಕೊಂಡ ಹಾಗೆ. ನೌಕೆಯೊಳಗೆ ಇರುವವರು ಬೈಕಿನವನ ಲೆಕ್ಕದಲ್ಲಿ ಬದುಕುತ್ತಾರೆ. ಮೇಷ್ಟ್ರು ಹೇಳಿದ್ದೂ ಸರಿ, ನೌಕೆಯವರ ಮಂಡಿ ನೋವೂ ಸರಿ.

ಗೆರೆ_ಗೋಡೆ:
ಹಾಗಾದರೆ ದಿಕ್ಕು ಮುಖ್ಯ ಆಗುತ್ತದೆ ಅಲ್ವಾ? ಭೂಮಿಯ ಮನೆಯಲ್ಲಿ ಮಂಚವನ್ನು ಹೇಗೆ ತಿರುಗಿಸಿ ಹಾಕಿದರೂ ಭಾರ ಒಂದೇ. ಇಲ್ಲಿ ಹಾಗಲ್ಲ.

ತಿರುಗಣಿ:
ಸರಿಯಾಗಿ ಹಿಡಿದಿರಿ. ಈ ಬಗ್ಗೆ 1960ರ ದಶಕದಲ್ಲೇ ಸಲಹೆಗಳು ಬಂದಿವೆ. ಹಾಸಿಗೆಯ ಉದ್ದ ಅಚ್ಚಿಗೆ ಸಮಾಂತರ ಇರಬೇಕು. ಯಾಕೆ? ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ದೇಹವೂ ನೌಕೆ ತಿರುಗುವ ರೇಖೆಯ ಸುತ್ತಲೇ ಹೊರಳುತ್ತದೆ, ಕಿವಿಯೊಳಗಿನ ದ್ರವಕ್ಕೆ ಗೊಂದಲ ಆಗುವುದಿಲ್ಲ. ಅಡ್ಡ ಹಾಕಿದ ಹಾಸಿಗೆಯಲ್ಲಿ ಹೊರಳಿದರೆ ಕೋಣೆಯೇ ಉರುಳಿದ ಹಾಗೆ ಅನಿಸಬಹುದು.

ಕೆಲಸದ ಮೇಜೂ ಅಷ್ಟೇ. ಎರಡು ಕಿವಿಗಳನ್ನು ಸೇರಿಸುವ ಗೆರೆ ಅಚ್ಚಿಗೆ ಸಮಾಂತರ ಇರುವಂತೆ ಕೂರಬೇಕು. ಅಂದರೆ ತಿರುಗುವ ದಿಕ್ಕಿಗೆ ಮುಖ ಅಥವಾ ಬೆನ್ನು. ಆಗ ತಲೆ ಮೇಲೆ ಕೆಳಗೆ ಆಡಿಸಿದರೆ ಏನೂ ಆಗಲ್ಲ, ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಕಿರಿಕಿರಿ. ಹಾಗಾಗಿ ನನ್ನ ಲೆಕ್ಕದಲ್ಲಿ ಪೈಲಟ್‌ನ ಸ್ಕ್ರೀನ್‌ಗಳನ್ನು ಅಕ್ಕಪಕ್ಕ ಇಡಬಾರದು. ಒಂದರ ಮೇಲೊಂದು ಇಡಬೇಕು. ಸಿನಿಮಾದಲ್ಲಿ ನೋಡುವ ಅರ್ಧಚಂದ್ರಾಕಾರದ ಕಂಟ್ರೋಲ್ ಪ್ಯಾನೆಲ್ ವಾಂತಿಗೆ ದಾರಿ.

ಬೈಗು_ಬೆಳಗು:
ವಾಸ್ತು ಪಂಡಿತರಿಗೆ ಹಬ್ಬ! ತಿರುಗುವ ದಿಕ್ಕು ಪೂರ್ವ ಅಂತಿಟ್ಟುಕೊಂಡರೆ ಅಚ್ಚು ಉತ್ತರ–ದಕ್ಷಿಣ. ಹಾಸಿಗೆ ಉತ್ತರ–ದಕ್ಷಿಣ. ದಕ್ಷಿಣಕ್ಕೆ ತಲೆ ಹಾಕಿದರೆ ನಮ್ಮಜ್ಜಿಯೂ ಖುಷಿ, ಕಿವಿಯೂ ಖುಷಿ.

ಗೆರೆ_ಗೋಡೆ:
ನಗಬೇಡಿ. ನನ್ನ ಕ್ಲೈಂಟ್‌ಗಳು ಇದನ್ನು ಓದಿದರೆ ನಾಳೆಯೇ ಫೋನ್ ಮಾಡುತ್ತಾರೆ.

ಕುಡ್ಲದ_ಕಡಲು:
ಏಣಿಯ ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ. ಅಂಚಿನಿಂದ ಅಚ್ಚಿನ ಕಡೆಗೆ ಹತ್ತುವವರನ್ನು ಚಕ್ರ ತಿರುಗುವ ದಿಕ್ಕಿಗೆ ದೂಡುತ್ತದೆ. ಅಂಚಿನಲ್ಲಿದ್ದಾಗಿನ ವೇಗ ಮೈಯಲ್ಲಿ ಉಳಿದಿರುತ್ತದಲ್ಲ, ಅದಕ್ಕೆ. ಇಳಿಯುವವರನ್ನು ವಿರುದ್ಧ ದಿಕ್ಕಿಗೆ. ಹಾಗಾಗಿ ಎರಡು ಏಣಿ ಬೇಕು. ಹತ್ತುವ ಏಣಿ ತಿರುಗುವ ದಿಕ್ಕಿನ ಗೋಡೆಗೆ, ಇಳಿಯುವ ಏಣಿ ಎದುರು ಗೋಡೆಗೆ. ಆಗ ಇಬ್ಬರನ್ನೂ ಏಣಿಗೇ ಒತ್ತುತ್ತದೆ. ತಪ್ಪು ಏಣಿ ಹಿಡಿದರೆ ಏಣಿಯಿಂದ ಕಿತ್ತುಹಾಕಲು ನೋಡುತ್ತದೆ. ನಿಮಿಷಕ್ಕೆ 3 ಸುತ್ತಿನ ಚಕ್ರದಲ್ಲಿ 60 ಕೆಜಿಯ ಮನುಷ್ಯ ಸೆಕೆಂಡಿಗೆ ಅರ್ಧ ಮೀಟರ್ ಹತ್ತಿದರೆ ಪಕ್ಕಕ್ಕೆ ಸುಮಾರು 2 ಕೆಜಿಯಷ್ಟು ಎಳೆತ. ಜಾಸ್ತಿ ಅಲ್ಲ. ಆದರೆ ಕೈಯಲ್ಲಿ ಸಾಮಾನು ಇದ್ದರೆ, ನಿದ್ದೆಗಣ್ಣಿನಲ್ಲಿದ್ದರೆ?

ಕಥೆಗಾರ_ಕಡೂರು:
ಎರಡು ಏಣಿ! ಇದು ಇವತ್ತೇ ಕಥೆಯೊಳಗೆ ಹೋಗುತ್ತದೆ. ಹೊಸಬ ಯಾರು ಅಂತ ಅವನು ಹಿಡಿದ ಏಣಿ ನೋಡಿಯೇ ಹೇಳಬಹುದು.

ಹಳೇ_ಪೇಪರ್:
ಇತಿಹಾಸ ಸ್ವಲ್ಪ. ಈ ಚಕ್ರದ ಮನೆ ಹೊಸದಲ್ಲ. ನೂರ್ಡಂಗ್ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಪೊಟೊಚ್ನಿಕ್ 1928ರಲ್ಲೇ ತಿರುಗುವ ವಾಸದ ಚಕ್ರದ ಚಿತ್ರ ಬಿಡಿಸಿದ್ದ. 1952ರಲ್ಲಿ ರಾಕೆಟ್ ತಜ್ಞ ಫಾನ್ ಬ್ರೌನ್ 250 ಅಡಿ ವ್ಯಾಸದ ಚಕ್ರದ ಬಗ್ಗೆ ಬರೆದ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಅಧ್ಯಯನದಲ್ಲಿ 10,000 ಜನರಿಗೆ ಸುಮಾರು 1.8 ಕಿಲೋಮೀಟರ್ ವ್ಯಾಸದ, ನಿಮಿಷಕ್ಕೆ 1 ಸುತ್ತಿನ ಬಳೆ ರೂಪಿಸಿದರು.

ನಿಜವಾಗಿ ಮಾಡಿ ನೋಡಿದ್ದು ತೀರಾ ಕಡಿಮೆ. 1966ರ ಸೆಪ್ಟೆಂಬರ್‌ನಲ್ಲಿ ಪೀಟ್ ಕಾನ್ರಾಡ್ ಮತ್ತು ಡಿಕ್ ಗಾರ್ಡನ್ ಜೆಮಿನಿ 11 ನೌಕೆಯನ್ನು ಜನರಿಲ್ಲದ ಅಜೀನಾ ವಾಹನಕ್ಕೆ 30 ಮೀಟರ್ ಉದ್ದದ ಪಟ್ಟಿಯಿಂದ ಕಟ್ಟಿ ನಿಧಾನವಾಗಿ ತಿರುಗಿಸಿದರು. ಹುಟ್ಟಿದ ಗುರುತ್ವ ಭೂಮಿಯದರ ಸಾವಿರದ ಒಂದು ಪಾಲೂ ಇರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂತ ಜಪಾನಿನಲ್ಲಿ ಒಂದು ಸೆಂಟ್ರಿಫ್ಯೂಜ್ (ಗಿರಗಿರ ತಿರುಗಿಸಿ ಗುರುತ್ವ ಹುಟ್ಟಿಸುವ ಯಂತ್ರ) ಮಾಡ್ಯೂಲ್ ತಯಾರಾಗುತ್ತಿತ್ತು, ಪ್ರಾಣಿ ಸಸ್ಯಗಳ ಪ್ರಯೋಗಕ್ಕೆ. 2005ರಲ್ಲಿ ಅದನ್ನೂ ಕೈಬಿಟ್ಟರು. ಇವತ್ತಿಗೂ ಗಗನಯಾತ್ರಿಗಳು ಮೂಳೆ ಸವೆಯದಿರಲಿ ಅಂತ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಲೇ ಇದ್ದಾರೆ.

ದಾವಣಗೆರೆ_ಡಿಂಗ್ರಿ:
ಅಲ್ಲಿ ಗುರುತ್ವವೇ ಇಲ್ಲವಲ್ಲ, ಪಾಪ.

ರಾಕೆಟ್_ರಾಯ:
ಇದೆ ಗುರು! 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಗುರುತ್ವ ನೆಲದಲ್ಲಿ ಇರುವುದರ ಸುಮಾರು 89%. ಅವರು ತೇಲೋದು ನಿಲ್ದಾಣದ ಜತೆ ತಾವೂ ಬೀಳುತ್ತಲೇ ಇರೋದರಿಂದ.

ಹಳೇ_ಪೇಪರ್:
ಗುರುತ್ವ ಬೇಡವೇ ಬೇಡ ಅನ್ನುವವರಿಗೂ ಒಂದು ಮಾತು. 1973ರ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ವಾಸದ ಭಾಗಕ್ಕೆ ನೆಲ, ಚಾವಣಿ ಅಂತ ಸ್ಪಷ್ಟವಾಗಿ ಇತ್ತು. ಪಕ್ಕದ ಡಾಕಿಂಗ್ (ಬಂದ ನೌಕೆ ಜೋಡಿಸಿಕೊಳ್ಳುವ) ಭಾಗದಲ್ಲಿ ಜಾಗ ಉಳಿಸೋಕೆ ಸುತ್ತ ಎಲ್ಲಾ ಗೋಡೆಗೂ ಉಪಕರಣ ಜೋಡಿಸಿದ್ದರು, ಯಾವುದು ಮೇಲೆ ಯಾವುದು ಕೆಳಗೆ ಅನ್ನೋದೇ ಇಲ್ಲ. ಗಗನಯಾತ್ರಿಗಳಿಗೆ ಅದು ಹಿಡಿಸಲಿಲ್ಲ. ತೇಲುವಾಗಲೂ ಮನುಷ್ಯನಿಗೆ ಒಂದು ‘ಕೆಳಗೆ’ ಬೇಕು. ಅದಕ್ಕೇ ಈಗಿನ ನಿಲ್ದಾಣದಲ್ಲೂ ದೀಪಗಳನ್ನು ‘ಚಾವಣಿ’ ಕಡೆ ಇಡುತ್ತಾರೆ.

ಬೆಳವಲ_ಬಯಲು:
ನಮ್ಮ ಕಡೆ ಸುದ್ದಿ ಒಂದು ಸೇರಸ್ತೀನ್ರಿ. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಮೆಂತ್ಯ ಮತ್ತು ಹೆಸರುಕಾಳು ಜತೆಗೆ ಹೋಗಿದ್ದವು. ಅಲ್ಲಿ ಮೊಳಕೆ ಒಡೆಸಿದರು. ಬೇರಿಗೆ ಕೆಳಗೆ ಯಾವುದು ಅಂತ ತಿಳಿಸೋದು ಗುರುತ್ವ. ನಿಮ್ಮ ಚಕ್ರದಲ್ಲಿ ಬೇರು ಹೊರಗೋಡೆ ಕಡೆ, ಚಿಗುರು ಅಚ್ಚಿನ ಕಡೆ. ಹಾಗಾಗಿ ದೀಪಗಳೆಲ್ಲ ಅಚ್ಚಿನ ಕಡೆಯಿಂದ ಬರಬೇಕು. ಮೆಂತ್ಯ ಸೊಪ್ಪು ಬೆಳೆಯೋದಾದರೆ ಅಡುಗೆಮನೆ ಪಕ್ಕ ಜಾಗ ಬಿಡ್ರಿ.

ಕಾಫಿ_ಪುಡಿ:
ಮೆಂತ್ಯ ಬೆಳೆಯೋಕೆ ಬಿಡ್ತೀರಿ, ಕಾಫಿ ಗಿಡಕ್ಕೆ ಜಾಗ ಇಲ್ಲವಾ?

ಬೈಗು_ಬೆಳಗು:
ನನ್ನ ಮಾಯದ ಯಂತ್ರವನ್ನು ಎಲ್ಲರೂ ಮರೆತರು. ನೆಲದಡಿ ಗುರುತ್ವದ ಹಾಸು. ಮುಗೀತು. ಚಕ್ರ ಬೇಡ, ಏಣಿ ಬೇಡ, ಕಾಫಿ ಚೆಲ್ಲಲ್ಲ.

ತಿರುಗಣಿ:
ಮರೆತಿಲ್ಲ, ಕಾಯುತ್ತಿದ್ದೆ. ನಿಮ್ಮ ಹಾಸು ಎಷ್ಟು ದೂರದವರೆಗೆ ಎಳೆಯುತ್ತದೆ? ಎರಡೂ ಕಡೆ ಎಳೆಯುತ್ತದೋ, ಒಂದೇ ಕಡೆಯೋ? ದೂರ ಹೋದರೂ ಎಳೆತ ಕಡಿಮೆ ಆಗದೆ ಎರಡೂ ಕಡೆ ಎಳೆಯುವ ಹಾಸು ಅಂತಿಟ್ಟುಕೊಳ್ಳಿ. ಹತ್ತು ಅಂತಸ್ತಿನ ನೌಕೆ. ತುತ್ತತುದಿಯಲ್ಲಿರುವ ಕ್ಯಾಪ್ಟನ್‌ನನ್ನು ಹತ್ತೂ ಹಾಸು ಕೆಳಕ್ಕೆ ಎಳೆಯುತ್ತವೆ, ಅವನು ಹತ್ತು ಪಟ್ಟು ಭಾರ. ತಳದಲ್ಲಿರುವ ಅಡುಗೆಯವರನ್ನು ಒಂದು ಹಾಸು ಕೆಳಕ್ಕೆ, ಒಂಬತ್ತು ಮೇಲಕ್ಕೆ. ಅವರು ಚಾವಣಿಗೆ ಅಂಟಿಕೊಂಡಿರುತ್ತಾರೆ. ನಡುವಿನ ಅಂತಸ್ತಿನವರು ಹೆಚ್ಚುಕಮ್ಮಿ ತೇಲುತ್ತಾರೆ.

ಬೈಗು_ಬೆಳಗು:
ಒಂದೇ ಕಡೆ, ಎಂಟಡಿ ಮಾತ್ರ. ನನ್ನ ಯಂತ್ರ, ನನ್ನ ನಿಯಮ.

ಗೆರೆ_ಗೋಡೆ:
ಆಗಲೂ ನನಗೆ ಒಂದು ತಕರಾರು ಇದೆ. ಗುರುತ್ವವನ್ನು ಕೋಣೆಗೊಂದರಂತೆ ಸ್ವಿಚ್ ಹಾಕಿ ಆರಿಸಲು ಬಂದರೆ, ಹಡಗಿನ ಹಾಗೆ ಒಂದರ ಮೇಲೊಂದು ಅಂತಸ್ತು ಯಾಕೆ ಬೇಕು? ಚಾವಣಿಗೂ ಹಾಸು ಹಾಕಿ ಇನ್ನೊಂದು ಕುಟುಂಬವನ್ನು ತಲೆಕೆಳಗಾಗಿ ಇರಿಸಬಹುದು. ಗೋದಾಮಿನಲ್ಲಿ ಗುರುತ್ವ ಆರಿಸಿ, ಸಾಮಾನನ್ನು ಮೂಲೆ ಮೂಲೆಗೂ ತುಂಬಬಹುದು. ವಯಸ್ಸಾದವರ ಕೋಣೆಯಲ್ಲಿ ಅರ್ಧ ಗುರುತ್ವ. ಲಿಫ್ಟ್ ಯಾಕೆ, ಶಾಫ್ಟ್‌ನಲ್ಲಿ ಗುರುತ್ವ ಕಡಿಮೆ ಮಾಡಿ ತೇಲಿಕೊಂಡು ಇಳಿಯಲಿ. ಇಷ್ಟೆಲ್ಲ ಅನುಕೂಲ ಕೊಟ್ಟ ಮೇಲೂ ಸಿನಿಮಾದವರು ಸಾಲು ಕಾರಿಡಾರನ್ನೇ ತೋರಿಸುತ್ತಾರೆ. ಸೆಟ್ ಹಾಕುವ ಸ್ಟುಡಿಯೋ ಇರೋದು ಭೂಮಿಯ ಮೇಲೆ ಅಂತ. ಖರ್ಚಿನ ವಿಷಯ. ಆದರೆ ಬರೆಯುವವರಿಗೆ ಆ ಖರ್ಚು ಇಲ್ಲವಲ್ಲ. ಮಾಯ ಬೇಕಾದರೆ ಮಾಯವನ್ನೂ ಪೂರ್ತಿ ಬಳಸಿ.

ಬೈಗು_ಬೆಳಗು:
ಈ ಮಾತಿಗೆ ನನ್ನ ಓಟು.

ಕಥೆಗಾರ_ಕಡೂರು:
ಚಕ್ರಕ್ಕೇ ಮನಸ್ಸು ವಾಲಿದೆ. ಆದರೆ 224 ಮೀಟರ್ ತ್ರಿಜ್ಯ 40 ಜನರಿಗೆ ಅತಿಯಾಯಿತು. ಭೂಮಿಯ ಅರ್ಧ ಗುರುತ್ವ ಸಾಕು ಅಂದರೆ?

ತಿರುಗಣಿ:
ಅರ್ಧ ಸಾಕಾದರೆ ನಿಮಿಷಕ್ಕೆ 3 ಸುತ್ತು, ತ್ರಿಜ್ಯ 50 ಮೀಟರ್. ಅಂಚಿನ ಸುತ್ತಳತೆ 314 ಮೀಟರ್. 8 ಮೀಟರ್ ಅಗಲ ಅಂದರೆ ಒಂದೇ ಅಂತಸ್ತಿನಲ್ಲಿ ಸುಮಾರು 27,000 ಚದರಡಿ, ತಲೆಗೆ 675. ಮನುಷ್ಯ ನಡೆಯುವ ದಿಕ್ಕಿನ ಮೇಲೆ ಅವನ ತೂಕವೂ ಬದಲಾಗುತ್ತದೆ. ತಿರುಗುವ ದಿಕ್ಕಿಗೆ ಸಾಧಾರಣ ನಡಿಗೆಯಲ್ಲಿ ಹೋದರೆ ಸುಮಾರು 20% ಭಾರ, ವಿರುದ್ಧ ದಿಕ್ಕಿಗೆ 18% ಹಗುರ. ಭಾರದ ಟ್ರಾಲಿ ತಳ್ಳುವವನು ಸುತ್ತು ಬಳಸಿಯಾದರೂ ಹಗುರದ ದಿಕ್ಕಿಗೇ ಹೋಗುತ್ತಾನೆ. ಕಾರಿಡಾರ್ ಒನ್‌ವೇ ಆಗುತ್ತದೆ, ಯಾರೂ ಬೋರ್ಡ್ ಹಾಕದೆ.

ಬೆಂಗಳೂರು_ಬಸ್:
ಒನ್‌ವೇಲಿ ರಾಂಗ್ ಸೈಡ್ ಬರೋನು ಅಲ್ಲೂ ಒಬ್ಬ ಇರ್ತಾನೆ.

ರಾಕೆಟ್_ರಾಯ:
ಮೂರು ವಿಷಯ ಮರೆಯಬೇಡಿ.

ಕಿಟಕಿ ಅಂಚಿನಲ್ಲಿ ಬೇಡ. 20 ಸೆಕೆಂಡಿಗೊಮ್ಮೆ ಇಡೀ ಆಕಾಶ ಗಿರಕಿ ಹೊಡೆಯುತ್ತದೆ. ನಕ್ಷತ್ರ ನೋಡುವ ಜಾಗ ಅಚ್ಚಿನ ತುದಿಯಲ್ಲಿ, ಚಕ್ರದ ಜತೆ ತಿರುಗದ ಕೋಣೆಯಲ್ಲಿರಲಿ. ಡಾಕಿಂಗ್ ಕೂಡ ಅಲ್ಲೇ.

ಎಂಜಿನ್ ಅಚ್ಚಿನ ಉದ್ದಕ್ಕೆ ಉರಿದರೆ ‘ಕೆಳಗೆ’ ಓರೆಯಾಗುತ್ತದೆ. ಅರ್ಧ ಗುರುತ್ವದ ಚಕ್ರಕ್ಕೆ ಎಂಜಿನ್ ಭೂಮಿಯ ಗುರುತ್ವದ ಹತ್ತನೇ ಒಂದರಷ್ಟು ಸೇರಿಸಿದರೆ ನೆಲ 11 ಡಿಗ್ರಿ ಇಳಿಜಾರು ಅನಿಸುತ್ತದೆ. ಊಟದ ತಟ್ಟೆಗೆ ಅಂಚು ಬೇಕು.

ಮೂರನೆಯದು ತೂಕದ ಸಮತೋಲ. 40 ಜನ ಅಂದರೆ ಎರಡೂವರೆ ಟನ್ ಹತ್ತಿರ. ಎಲ್ಲರೂ ಒಂದೇ ಹಾಲ್‌ಗೆ ಸೇರಿದರೆ ಚಕ್ರ ಸ್ವಲ್ಪ ಓಲಾಡುತ್ತದೆ. ಸರಿದೂಗಿಸಲು ಎದುರು ಭಾಗದ ಟ್ಯಾಂಕಿಗೆ ನೀರು ಪಂಪ್ ಮಾಡಬೇಕು.

ಕುಡ್ಲದ_ಕಡಲು:
ಓಹೋ! ಗುಟ್ಟಾಗಿ ಸಭೆ ಸೇರಿದರೆ ಪಂಪ್ ಸದ್ದಿಗೇ ಸಿಕ್ಕಿಬೀಳ್ತಾರಲ್ಲ ಮಾರಾಯ್ರೆ. ಕ್ಯಾಪ್ಟನ್‌ಗೆ ಗೂಢಚಾರರೇ ಬೇಡ, ನೀರಿನ ಮೀಟರ್ ನೋಡಿದರೆ ಸಾಕು.

ಕಥೆಗಾರ_ಕಡೂರು:
ಇದು ಐದನೇ ಅಧ್ಯಾಯ ಆಯಿತು, ಧನ್ಯವಾದ. ಕೊನೆಯ ಪ್ರಶ್ನೆ. ದಿನಸಿ ಗೋದಾಮು ಎಲ್ಲಿ? ಅಚ್ಚಿನ ಹತ್ತಿರ ಇಟ್ಟರೆ ತೂಕ ಇರಲ್ಲ, ಒಬ್ಬನೇ ಎಲ್ಲ ಜರುಗಿಸಬಹುದು ಅಂತ ಯೋಚನೆ.

ರಾಕೆಟ್_ರಾಯ:
ಜಾಗ ಸರಿ. ಆದರೆ ತೂಕ ಹೋದರೂ ಜಡತೆ ಹೋಗಲ್ಲ. ಒಂದು ಕ್ವಿಂಟಾಲ್ ಅಕ್ಕಿ ಮೂಟೆಗಳ ಕಟ್ಟನ್ನು ಬೆರಳಲ್ಲಿ ತಳ್ಳಿದರೂ ಮೆಲ್ಲಗೆ ಹೊರಡುತ್ತದೆ. ನಿಲ್ಲಿಸಬೇಕಾದರೂ ತಳ್ಳಿದಷ್ಟೇ ಬಲ, ಅಷ್ಟೇ ಹೊತ್ತು ಬೇಕು. ಆತುರದಲ್ಲಿ ಜೋರಾಗಿ ತಳ್ಳಿ, ನಡುವೆ ಕೈ ಕೊಟ್ಟರೆ ಎದುರು ಗೋಡೆಗೂ ಮೂಟೆಗೂ ನಡುವೆ ಸಿಕ್ಕಿದವನ ಪಕ್ಕೆಲುಬು ಮುರಿಯುತ್ತದೆ. ಹಳಿ ಮತ್ತು ಬ್ರೇಕ್ ಹಾಕಿಸಿ.

ಕಥೆಗಾರ_ಕಡೂರು:
ಹಳಿ ಹಾಕಿಸುತ್ತೇನೆ. ಬ್ರೇಕ್ ಕೆಡಿಸುವ ಪಾತ್ರ ಯಾರು ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಕಾಫಿ_ಪುಡಿ:
ಕಾಫಿ ಸಿಗದವನು.